ದಸ್ತಗೀರ ಮಾಮಾನ ಕಾಲು, ನನ್ನ ಸೊಂಟ

ಐಸ್‌ಕ್ರೀಮ್ ಮಾಡುವವನ ಮೇಲೆ ಜನರಿಗೆ ಕನಿಕರ ಅನ್ನುವುದು ಹುಟ್ಟುವುದೇ ಇಲ್ಲ. ಸಿಮೆಂಟಿನ ವ್ಯಾಪಾರಿ ಕೆಮ್ಮಿದರೆ "ಪಾಪ, ಧೂಳಿನ ಧಂದೆ" ಅನ್ನುತ್ತಾರೆ. ಬೇಕರಿಯವನು ಬೆವರಿದರೆ "ಪಾಪ, ಭಟ್ಟಿ ಮುಂದಿನ ಜೀವ" ಅನ್ನುತ್ತಾರೆ. ಅದೇ ನಾನು ಯಾವುದೋ ಮದುವೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರೆ ಬೀಗರಾದವರು ಬಂದು ಬೆನ್ನು ಚಪ್ಪರಿಸಿ, "ನಿಮ್ಮದೇನ್ರಿ ಬಾಪೂಸಾಹೇಬ್ರ, ಹನ್ನೆರಡೂ ತಿಂಗಳ ತಂಪಾಗಿ ಅದೀರಿ!" ಎಂದು ನಗುತ್ತಾರೆ. ಎಂಬತ್ತರ ದಶಕದಲ್ಲಿ ಚಿಕ್ಕೋಡಿಯಂಥ ಊರಿನಲ್ಲಿ ಐಸ್‌ಕ್ರೀಮ್ ಫ್ಯಾಕ್ಟರಿ ಇಟ್ಟವನ ತಲೆ ಎಷ್ಟು ಬಿಸಿಯಾಗಿರುತ್ತದೆ ಎಂದು ಅವರಿಗೇನು ಗೊತ್ತು? ಕರೆಂಟು ಹೋದರೆ ಬಿಸಿ. ಹಾಲು ಒಡೆದರೆ ಬಿಸಿ. ಮಳೆ ಬೇಗ ಬಂದು ಊರೆಲ್ಲ ತಣ್ಣಗಾದರೆ ನಾನೊಬ್ಬನೇ ಬಿಸಿ. ಇವೆಲ್ಲ ಸಾಲದೆಂಬಂತೆ ನನ್ನ ಬೆನ್ನು ಹತ್ತಿದ್ದು ಕಾರ್ಮಿಕರ ವಿಮೆ. ಅದರ ಕಥೆಯನ್ನೇ ಹೇಳುತ್ತೇನೆ. ಬೇಕಾದರೆ ಒಂದು ಕಪ್ ಐಸ್‌ಕ್ರೀಮ್ ತಿನ್ನುತ್ತ ಓದಿ, ನನ್ನ ಅಭ್ಯಂತರವೇನಿಲ್ಲ.

ಮೊದಲು ನಾನು ಈ ಧಂದೆಗೆ ಹೇಗೆ ಬಿದ್ದೆ ಅನ್ನುವುದನ್ನು ಹೇಳಬೇಕು. ನಮ್ಮದು ನಿಪ್ಪಾಣಿಯ ತಂಬಾಕಿನ ಮನೆತನ. ಅಜ್ಜ ತಂಬಾಕು, ಅಪ್ಪ ತಂಬಾಕು, ಅಣ್ಣಂದಿರು ತಂಬಾಕು. ನಾನು ಮಾತ್ರ ತಂಬಾಕು ತುಂಬಿದ ವಖಾರಿಯ ಹೊಸ್ತಿಲು ದಾಟಿದರೆ ಸಾಕು, ಸೀನು ಶುರು. ವ್ಯಾಪಾರಿ ದರ ಹೇಳಲು ಬಾಯಿ ತೆರೆಯುವುದಕ್ಕೂ ನಾನು ಸೀನುವುದಕ್ಕೂ ಸರಿಹೋಗುತ್ತಿತ್ತು. ಸೌದಾ ಮಾತಾಡುವಾಗ ಸೀನು ಅಂದರೆ ಅಪಶಕುನ. ಆತ ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ಪಕ್ಕದ ವಖಾರಿಗೆ ಹೋಗುತ್ತಿದ್ದ. ಕಡೆಗೆ ಅಪ್ಪನೇ ಕೈಮುಗಿದು, "ಧೂಳಿಲ್ಲದ್ದು ಯಾವುದಾರ ಒಂದ ಧಂದೆ ನೋಡಕೊಳ್ಳಪಾ, ನಮ್ಮ ಸೌದಾ ಮುರೀಬ್ಯಾಡ" ಅಂದರು. ಧೂಳಿಲ್ಲದ ಧಂದೆ ಅಂದರೆ ಐಸ್‌ಕ್ರೀಮ್ ಎಂದು ಕಂಡುಹಿಡಿದವಳು ನನ್ನ ಹೆಂಡತಿ ಸುಮತಿ. ಐನಾಪುರದ ವ್ಯಾಪಾರಸ್ಥರ ಮಗಳು, ಲೆಕ್ಕದಲ್ಲಿ ಹುಷಾರು. ಹೆಣ್ಣುಮಕ್ಕಳ ಹೆಸರಿನಲ್ಲಿ ಉದ್ಯೋಗ ಮಾಡಿದರೆ ಬ್ಯಾಂಕಿನವರು ಸಲೀಸಾಗಿ ಸಾಲ ಕೊಡುತ್ತಾರೆಂದು ಯಾರೋ ಹೇಳಿದ್ದರಿಂದ ಫ್ಯಾಕ್ಟರಿ ಅವಳ ಹೆಸರಿನಲ್ಲೇ ಆಯಿತು. ಕಾಗದದಲ್ಲಿ ಮಾಲಕಳು ಅವಳು, ಜನರ ಬಾಯಲ್ಲಿ ಮಾಲಕ ನಾನು. ಸಹಿ ಅವಳದು, ಗತ್ತು ನನ್ನದು. ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತ್ತು. ನಮ್ಮವ್ವನೊಬ್ಬಳು ಮಾತ್ರ ಬರ್ಫ, ಅಂದರೆ ಮಂಜುಗಡ್ಡೆ, ತಿನ್ನಬಾರದು ಅನ್ನುವ ಹಳೇ ಕಾಲದ ಜೈನ ನೇಮದವಳು. ಮಗನ ಫ್ಯಾಕ್ಟರಿಯ ಐಸ್‌ಕ್ರೀಮನ್ನು ಕೊನೆಯತನಕ ಬಾಯಿಗೆ ಹಚ್ಚಲಿಲ್ಲ. "ಚಲೋ ಆಗೇತಂತ ಮಂದಿ ಅಂತಾರಲ್ಲ, ನನಗಷ್ಟ ಸಾಕು" ಅನ್ನುತ್ತಿದ್ದಳು.

ಫ್ಯಾಕ್ಟರಿ ಅಂದರೆ ದೊಡ್ಡದೇನೂ ಕಲ್ಪಿಸಿಕೊಳ್ಳಬೇಡಿ. ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಮನೆ, ಮನೆಯ ಹಿತ್ತಲಲ್ಲಿ ತಗಡು ಹೊದಿಸಿದ ಎರಡು ಖೋಲಿ. ಒಂದರಲ್ಲಿ ಬರ್ಫ ಮಾಡುವ ಮಷೀನು, ಇನ್ನೊಂದರಲ್ಲಿ ಐಸ್‌ಕ್ರೀಮ್ ತಿರುವುವ ಮರದ ಪೀಪಾಯಿಗಳು. ಪೀಪಾಯಿಯಲ್ಲಿ ಡಬ್ಬಿ ಇಟ್ಟು ಸುತ್ತ ಬರ್ಫ, ಉಪ್ಪು ತುಂಬಿ ತಿರುವುತ್ತಲೇ ಇರಬೇಕು. ಹೀಗಾಗಿ ನೆಲದ ಮೇಲೆ ಯಾವಾಗಲೂ ಉಪ್ಪುನೀರು. ಈ ಸಾಮ್ರಾಜ್ಯವನ್ನೆಲ್ಲ ನಡೆಸುತ್ತಿದ್ದವನು ದಸ್ತಗೀರ ಮಾಮಾ. ನಮಗಿಂತ ವಯಸ್ಸಿನಲ್ಲಿ ಬಹಳ ಹಿರಿಯ, ಕುಳ್ಳ, ಬಿಳೀ ಗಡ್ಡ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ರಾಯಬಾಗಕ್ಕೆ ಕೊಟ್ಟು ಮಸೂತಿಯ ಹತ್ತಿರ ಒಂದು ಅಟ್ಟದ ಖೋಲಿಯಲ್ಲಿ ಇರುತ್ತಿದ್ದ. ಫ್ಯಾಕ್ಟರಿ ಶುರುವಾದ ದಿನ ಕೆಲಸ ಕೇಳಲು ಬಂದವನು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ರೊಟ್ಟಿ ತಿಂದ. ಅಂದಿನಿಂದ ಅಲ್ಲಿಯೇ ತಿನ್ನುತ್ತಿದ್ದ. ಪಗಾರ ಇಷ್ಟು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಕಡೆ ಆಗ ಹಾಗೇ ನಡೆಯುತ್ತಿತ್ತು. ಬೇಕಾದಾಗ ಕೇಳುತ್ತಿದ್ದ, ಕೊಡುತ್ತಿದ್ದೆವು. ರಮಜಾನಿಗೊಂದು, ದೀಪಾವಳಿಗೊಂದು ಜೋಡಿ ಬಟ್ಟೆ. ಅವನ ಮಗಳ ಬಾಣಂತನಕ್ಕೆ ತುಪ್ಪ ಕಾಸಿದವಳು ಸುಮತಿಯೇ.

ಇಂಥ ನೆಮ್ಮದಿಯ ಸಂಸಾರಕ್ಕೆ ಲೂನಾ ಮೊಪೆಡ್ ಮೇಲೆ ಕುಳಿತು ಬಂದವರು ವಿಮೆ ಏಜೆಂಟ್ ಕುಲಕರ್ಣಿಯವರು. ಒಳ್ಳೆಯ ಮನುಷ್ಯ. ಆದರೆ ಪ್ರತಿ ವರ್ಷ ಯುಗಾದಿ ಮುಗಿದು ಬಿಸಿಲು ಏರಿತೋ ಇಲ್ಲವೋ, ಬಾಗಿಲಲ್ಲಿ ಅವರ ಲೂನಾ. ಕಾರ್ಮಿಕರಿಗೆ ಪೆಟ್ಟಾದರೆ ಮಾಲಕರು ಪರಿಹಾರ ಕೊಡಬೇಕೆಂದು ಕಾಯ್ದೆ ಇದೆಯೆಂದೂ, ಆ ಭಾರವನ್ನು ತಮ್ಮ ಕಂಪನಿ ಹೊರುತ್ತದೆಂದೂ, ಅದಕ್ಕೆ ಪ್ರೀಮಿಯಮ್ ಕಟ್ಟಬೇಕೆಂದೂ ಹೇಳುತ್ತಿದ್ದರು. ಪ್ರೀಮಿಯಮ್ ಎಷ್ಟು ಅನ್ನುವುದು ಧಂದೆಯ ಮೇಲೆ. ಬಟ್ಟೆ ಅಂಗಡಿಗೆ ಕಡಿಮೆ, ಕಲ್ಲು ಒಡೆಯುವವರಿಗೆ ಹೆಚ್ಚು. ನಮ್ಮನ್ನು ಅವರು ಹಿಡಿದು ಕೂರಿಸಿದ್ದು ಹೆಚ್ಚಿನ ಕಡೆಗೆ! ನನಗೆ ಸಿಟ್ಟು ನೆತ್ತಿಗೇರಿತು. "ಕುಲಕರ್ಣಿಯವರ, ಐಸ್‌ಕ್ರೀಮ್ ರೀ ಇದು! ಬೆರಳಿಲೆ ಒತ್ತಿದ್ರ ಒಳಗ ಹೋಗತೈತಿ. ಇದರಿಂದ ಯಾರಿಗೆ ಪೆಟ್ಟಾಕ್ಕೈತಿ?" ಎಂದು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಐಸ್‌ಕ್ರೀಮ್ ಮೆತ್ತಗೈತ್ರಿ, ನಿಮ್ಮ ನೆಲಾ ಮೆತ್ತಗಿಲ್ಲ" ಅಂದರು.

ಆಗ ನಾನು ನನ್ನ ಬ್ರಹ್ಮಾಸ್ತ್ರ ತೆಗೆಯುತ್ತಿದ್ದೆ. ಎದೆ ಸೆಟೆಸಿ, ಮಾಮಾ ಎದುರಿಗೇ, "ನಮ್ಮಲ್ಲಿ ಕೆಲಸದವ್ರು ಅಂತ ಯಾರೂ ಇಲ್ರಿ. ಎಲ್ಲಾರೂ ಮನೀ ಮಂದಿ. ಮನೀ ಮಂದಿಗೆ ಯಾರರ ವಿಮಾ ಮಾಡಸ್ತಾರೇನು?" ಅನ್ನುತ್ತಿದ್ದೆ. ಕುಲಕರ್ಣಿಯವರು ಇದಕ್ಕೆ ಉತ್ತರ ಹುಡುಕುತ್ತ ಎರಡು ಕಪ್ ಪಿಸ್ತಾ ತಿಂದು ಹೋಗುತ್ತಿದ್ದರು. ನನ್ನ ಮಾತಿನಿಂದ ಪ್ರೀಮಿಯಮ್ ಉಳಿಯುತ್ತಿತ್ತು, ಮಾಮಾನ ಮುಖ ಅರಳುತ್ತಿತ್ತು. ಒಂದೇ ಮಾತಿನಲ್ಲಿ ಎರಡು ಕೆಲಸ ಆಯಿತಲ್ಲ ಎಂದು ನಾನು ಮೀಸೆ ತಿರುವುತ್ತಿದ್ದೆ. ಸುಮತಿ ಒಳಗಿನಿಂದ, "ಅವರು ವರ್ಷಾ ತಿಂದ ಪಿಸ್ತಾದಾಗ ಪಾಲಿಸಿ ಬರ್ತಿತ್ತು" ಅನ್ನುವಳು. ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಒಂದು ದಿನ ಬರ್ಫದ ದೊಡ್ಡ ಗಡ್ಡೆ ಕೊಂಡಿಯಿಂದ ಜಾರಿ ಮಾಮಾನ ಕಾಲಿನ ಪಕ್ಕದಲ್ಲೇ ದಢಾರನೆ ಬಿತ್ತು. ಮಾಮಾ ನಕ್ಕುಬಿಟ್ಟ. ಸುಮತಿ ನಗಲಿಲ್ಲ. ಆ ಮಧ್ಯಾಹ್ನವೇ ಕುಲಕರ್ಣಿಯವರನ್ನು ಕರೆಸಿ, ಮಾಮಾನಿಗೆ ಇಷ್ಟು ಪಗಾರ ಅಂತ ಕಾಗದದಲ್ಲಿ ತಾನೇ ಬರೆಸಿ, ಟಪಟಪ ಸಹಿ ಮಾಡಿದಳು. ಅವಳ ಸಹಿಯ ಮುಂದೆ ನನ್ನ ಗತ್ತಿನದೇನೂ ನಡೆಯುವುದಿಲ್ಲವೆಂದು ನನಗೆ ತಿಳಿದದ್ದು ಅವತ್ತೇ. ಪ್ರೀಮಿಯಮ್ ಅನ್ನುವುದು ಎಂಥ ಹಿಂಸೆ ನೋಡಿ. ಯಾರಿಗೂ ಏನೂ ಆಗದಿದ್ದರೆ ಕಟ್ಟಿದ ದುಡ್ಡು ಹೋಯಿತು. ದುಡ್ಡು ವಸೂಲಾಗಬೇಕಾದರೆ ಯಾರಿಗಾದರೂ ಏನಾದರೂ ಆಗಬೇಕು. ಮುಂಜಾನೆ ದೇವರ ಮುಂದೆ ನಿಂತು ಏನು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ಕೈಮುಗಿದು ಬರುತ್ತಿದ್ದೆ. ನನ್ನ ಸಪ್ಪೆ ಮೋರೆ ನೋಡಲಾರದೆ ಮಾಮಾ, "ಮಾಲಕರ, ಅಷ್ಟ ಬ್ಯಾಸರಾಗಿದ್ರ ಹೇಳ್ರಿ, ನಾ ಸಣ್ಣಂಗ ಒಂದ್ಸಲ ಬೀಳ್ತೀನಿ" ಅಂದ. "ಏ, ಅಪಶಕುನ ನುಡೀಬ್ಯಾಡೋ ಮಾರಾಯಾ!" ಎಂದು ಗದರಿದೆ.

ಮುಂದಿನದಕ್ಕೆ ಹೋಗುವ ಮೊದಲು ನಮ್ಮ ಕಡೆಯ ಮದುವೆಯ ಊಟದ ಬಗ್ಗೆ ಹೇಳಬೇಕು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಐಸ್‌ಕ್ರೀಮೂ ಊಟವೇ. ಬೇರೆ ಊರಿನ ಐಸ್‌ಕ್ರೀಮಿನವನು ಬಿಸಿಲು ಇಳಿಯಲಿ ಅಂತ ಕಾಯುತ್ತಾನೆ, ನಾವು ಇಳಿಯದಿರಲಿ ಅಂತ ಬೇಡಿಕೊಳ್ಳುತ್ತಿದ್ದೆವು. ಮಾಮಾನಿಗೆ ಇದೊಂದು ದೊಡ್ಡ ತಮಾಷೆ. "ರಮಜಾನ ರೋಜಾದಾಗ ನಾವು ಯಾವಾಗ ಮುಳುಗ್ತಾನೋ ಅಂತ ಕೂಡ್ತೀವಿ, ನೀವು ಮುಳುಗಬ್ಯಾಡೋ ಅಂತ ಕೂಡ್ತೀರಿ. ಸೂರ್ಯಾ ಯಾರ ಮಾತ ಕೇಳಬೇಕ್ರಿ ಪಾಪ?" ಅನ್ನುತ್ತಿದ್ದ.

ಆ ವರ್ಷ ಐನಾಪುರದಲ್ಲಿ ಸುಮತಿಯ ಚಿಕ್ಕಪ್ಪನ ಮಗಳ ಮದುವೆ. ಐಸ್‌ಕ್ರೀಮ್ ನಮ್ಮದೇ; ತವರುಮನೆಯ ಮುಂದೆ ಮರ್ಯಾದೆಯ ಪ್ರಶ್ನೆ. ಗಂಡಿನ ಕಡೆಯವರ ಬಸ್ಸು ಉಗಾರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಸಿಕ್ಕಿಬಿದ್ದು ಮುಹೂರ್ತದಿಂದ ಹಿಡಿದು ಎಲ್ಲವೂ ತಡವಾಯಿತು. ಕೊನೆಯ ಪಂಕ್ತಿ ಕೂರುವಷ್ಟರಲ್ಲಿ ಬಿಸಿಲು ಗೋಡೆಯ ತುದಿಗೆ ಹತ್ತಿತ್ತು. ಪಂಕ್ತಿಯಲ್ಲಿ ಹಿರಿಯರೇ ಹೆಚ್ಚು. ಒಂದು ಕಣ್ಣು ಎಲೆಯ ಮೇಲೆ, ಇನ್ನೊಂದು ಕಣ್ಣು ಪಡುವಣಕ್ಕೆ. "ಬಾಪೂಸಾಹೇಬ್ರ, ಐಸ್‌ಕ್ರೀಮ್ ಬರತೈತೋ, ಕೈ ತೊಳೀಬೇಕೋ?" ಎಂದು ಒಬ್ಬರು ಕೂಗಿದರು. ಗಡಬಡಿ ಎದ್ದಿತು. ಮಾಮಾ ಡಬ್ಬಿಯನ್ನು ಹೆಗಲ ಮೇಲೆ ಹೊತ್ತು ಪೀಪಾಯಿಯ ಕಡೆಯಿಂದ ಓಡಿಬಂದ. ಚೆಲ್ಲಿದ ಉಪ್ಪುನೀರು ಕಲ್ಲುಹಾಸಿನ ಮೇಲೆ ಹರಿದಿದ್ದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಲು ಜಾರಿತು. ಬಿದ್ದವನು ಡಬ್ಬಿಯನ್ನು ಮಾತ್ರ ಎರಡೂ ಕೈಯಿಂದ ಮೇಲೆ ಎತ್ತಿ ಹಿಡಿದಿದ್ದ. ನಾನು ಓಡಿ ಹೋದರೆ, ಹಲ್ಲು ಕಚ್ಚಿಕೊಂಡು, "ಮೊದಲ ಇದನ್ನ ಹಂಚ್ರಿ ಮಾಲಕರ, ಹೊತ್ತ ಮುಳುಗತೈತಿ" ಅಂದ. ಅವನ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಡಬ್ಬಿ ಹಿಡಿಯಲೋ, ಅವನನ್ನು ಹಿಡಿಯಲೋ ತಿಳಿಯದೆ ಅಲ್ಲೇ ನಿಂತು ನಾನು ಅತ್ತುಬಿಟ್ಟೆ. ಪಂಕ್ತಿಯಲ್ಲಿದ್ದ ಹಿರಿಯರೆಲ್ಲ ಎಲೆ ಬಿಟ್ಟು ಎದ್ದು ಬಂದರು. ಆ ಸಂಜೆ ಐಸ್‌ಕ್ರೀಮನ್ನು ಯಾರೂ ತಿನ್ನಲಿಲ್ಲ.

ಮೀರಜದ ಆಸ್ಪತ್ರೆಯಲ್ಲಿ ಎಲುಬು ಕೂಡಿಸಿ ಕಟ್ಟು ಹಾಕಿದರು. ಮುಂದೆ ಇನ್ನೊಂದು ಆಪರೇಷನ್ ಆಗಬೇಕು, ಎಲುಬಿಗೆ ಉಕ್ಕಿನ ಪಟ್ಟಿ ಕೂರಿಸಬೇಕು, ತಿಂಗಳುಗಟ್ಟಲೆ ಕಾಲು ಊರುವ ಹಾಗಿಲ್ಲ ಅಂದರು. ಮಾಮಾನಿಂದ ಅಟ್ಟ ಹತ್ತಲು ಆಗದು. ಸುಮತಿ ಅವನ ಹಗ್ಗದ ಹೊರಸನ್ನು ನಮ್ಮ ಪಡಸಾಲೆಯಲ್ಲಿ ಹಾಕಿಸಿದಳು. ಖರ್ಚಿನ ಮಾತು ತೆಗೆದರೆ ಮಾಮಾ ಕೈ ಅಡ್ಡ ಹಿಡಿಯುತ್ತಿದ್ದ. "ನಿಮ್ಮ ಮ್ಯಾಲೆ ಇನ್ನೊಂದ ಆಪರೇಷನ್ನಿನ ಭಾರ ಹಾಕಾಂವಲ್ಲ ನಾ. ಕೂಡಿದಷ್ಟ ಕೂಡ್ಲಿ. ಕುಂಟಗೋತ ರಾಯಬಾಗಕ್ಕ ಮಗಳ ಮನೀಗೆ ಹೋಗಿ ಬೀಳ್ತೀನಿ." ಇದನ್ನು ಅವನು ನಗುತ್ತಲೇ ಹೇಳುತ್ತಿದ್ದ. ಮಾಮಾ ಇಲ್ಲದ ಹಿತ್ತಲನ್ನು ನಾನು ಕಲ್ಪಿಸಿಕೊಳ್ಳಲಾರೆ. ವಿಮೆಯ ದುಡ್ಡು ಬಂದರೆ ಆಪರೇಷನ್ ಆಗುತ್ತದೆ, ಬರದಿದ್ದರೆ ಈ ಹಟಮಾರಿ ಮುದುಕ ಹೋಗುವುದು ಖರೆ. ವರ್ಷಗಟ್ಟಲೆ ಪ್ರೀಮಿಯಮ್ ತಪ್ಪಿಸಿಕೊಂಡ ನಾನು ಈಗ ಕುಲಕರ್ಣಿಯವರ ಲೂನಾದ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದೆ.

ವಿಚಾರಣೆಗೆಂದು ಬೆಳಗಾವಿಯಿಂದ ಕಂಪನಿಯ ಸಾಹೇಬರೊಬ್ಬರು ಕುಲಕರ್ಣಿಯವರ ಜೊತೆ ಬಂದರು. ಮೈಸೂರು ಕಡೆಯವರು, ಮೆಲುದನಿಯ ಶಿಸ್ತಿನ ಮನುಷ್ಯ. ಹೊರಸಿನ ಪಕ್ಕ ಕುರ್ಚಿ ಹಾಕಿಕೊಂಡು, "ನೀವು ಇಲ್ಲಿ ಕೆಲಸ ಮಾಡೋದು ಅಲ್ವಾ?" ಎಂದು ಕೇಳಿದರು.

ಮಾಮಾನಿಗೆ ಅಪಮಾನವಾದಂತಾಯಿತು. "ಕೆಲಸಾ? ಯಾರ ಹೇಳಿದ್ರಿ ನಿಮಗ? ನಾ ಮನೀ ಮನಷ್ಯಾ ಅದೀನ್ರಿ."

"ಅಂದ್ರೆ ಇವರ ಸಂಬಂಧಿಕರಾ?"

"ಅದಕಿಂತ ಹೆಚ್ಚರೀ. ಬೇಕಾದ್ರ ಮಾಲಕರನ್ನ ಕೇಳ್ರಿ. ಈ ಕುಲಕರ್ಣಿಯವರ ಮುಂದನ ವರ್ಷಾ ಹೇಳ್ತಿದ್ರು, ನಮ್ಮಲ್ಲಿ ಕೆಲಸದವ್ರ ಯಾರೂ ಇಲ್ಲ, ಎಲ್ಲಾ ಮನೀ ಮಂದಿ ಅಂತ."

ಸಾಹೇಬರು ಕುಲಕರ್ಣಿಯವರನ್ನು ನೋಡಿದರು. ಕುಲಕರ್ಣಿಯವರು ನನ್ನನ್ನು ನೋಡಿದರು. ನಾನು ಮೇಲೆ ತೊಲೆಗಳನ್ನು ನೋಡಿದೆ.

"ಪಗಾರ ಎಷ್ಟು ಕೊಡ್ತಾರೆ?"

"ಪಗಾರ ಎಲ್ಲೀದ್ರಿ! ಬೇಕಾದಾಗ ಕೇಳ್ತೀನಿ, ಕೊಡ್ತಾರ. ಒಮ್ಮೊಮ್ಮೆ ಬಸ್ಸಿಗೆ ಚಿಲ್ಲರೆ ಇಲ್ಲಂತ ಮಾಲಕರೂ ನನ್ನ ಕಡೆ ಇಸ್ಕೋತಾರ್ರಿ."

ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕಿದರು. ಕಾರ್ಮಿಕನೇ ತಾನು ಕಾರ್ಮಿಕನಲ್ಲ ಅಂದರೆ ತಾವು ಬರೆಯುವುದಾದರೂ ಏನು ಎಂದು ನನ್ನನ್ನೇ ಕೇಳಿದರು. ನಾನು ಮಾಮಾನಿಗೆ ಕಣ್ಸನ್ನೆ ಮಾಡಿದೆ, ಕೆಮ್ಮಿದೆ, ತಲೆ ಕೆರೆದುಕೊಂಡೆ. ಆ ಪುಣ್ಯಾತ್ಮನಿಗೆ ಪರಿಹಾರ ಇಸಿದುಕೊಳ್ಳುವುದೆಂದರೆ ನಮ್ಮ ಮೇಲೆ ಕೋರ್ಟಿನಲ್ಲಿ ದಾವೆ ಹಾಕಿದ ಹಾಗೆ ಎಂಬ ಭಾವನೆ. ಮಾಲಕರ ಮಾನ ಕಾಯುತ್ತಿದ್ದೇನೆಂಬ ಸಂತೋಷದಲ್ಲಿ ಗಡ್ಡ ನೀವಿಕೊಳ್ಳುತ್ತಿದ್ದ. ನನ್ನ ಬ್ರಹ್ಮಾಸ್ತ್ರ ತಿರುಗಿ ಬಂದು ಅವನ ಮುರಿದ ಕಾಲಿಗೇ ಬಡಿದಿತ್ತು. ಸಾಹೇಬರು ಚೀಲ ಎತ್ತಿಕೊಂಡು ಎದ್ದರು.

ಅಷ್ಟರಲ್ಲಿ ಚಹಾದ ತಾಟು ಹಿಡಿದು ಸುಮತಿ ಹೊರಗೆ ಬಂದಳು. "ಕೂಡ್ರಿ ಸಾಹೇಬ್ರ, ಚಾ ಕುಡೀರಿ" ಎಂದು ಕೂರಿಸಿ, ಮಾಮಾನ ಕಡೆ ತಿರುಗಿದಳು. "ಮಾಮಾ, ಮುಂಜಾನೆ ಫ್ಯಾಕ್ಟರಿ ಬೀಗ ತಗಿಯಾವ್ರ ಯಾರು?"

"ನಾನ, ತಾಯಿ."

"ಬರ್ಫ ಒಡಿಯಾವ್ರ?"

"ನಾನ."

"ಪೀಪಾಯಿ ತಿರುವಿ ಡಬ್ಬಿ ಹೊರಾವ್ರ?"

"ಅದೂ ನಾನ."

ಸುಮತಿ ನನ್ನ ಕಡೆ ಬೆರಳು ಮಾಡಿದಳು. "ಮತ್ತ ಇವ್ರೇನ ಮಾಡ್ತಾರ?"

ಮಾಮಾ ಇಕ್ಕಟ್ಟಿಗೆ ಸಿಕ್ಕಿದ. ಸುಳ್ಳು ಹೇಳಿ ಗೊತ್ತಿಲ್ಲ, ಖರೆ ಹೇಳಲು ಮನಸ್ಸಿಲ್ಲ. ನನ್ನನ್ನು ಬಹಳ ಹೊತ್ತು ಮರುಕದಿಂದ ನೋಡಿ, "ಅವ್ರು... ಇರ್ತಾರ್ರಿ" ಅಂದ.

"ಕೇಳಿದ್ರಿಲ್ಲ ಸಾಹೇಬ್ರ? ಬರೇ ಇರಾವ್ರು ಮನೀ ಮಂದಿ. ದುಡಿಯಾವ್ರು ಕೆಲಸದವ್ರು. ಫ್ಯಾಕ್ಟರಿ ನನ್ನ ಹೆಸರಿನಾಗ ಐತಿ, ನಾ ಹೇಳಾಕತ್ತೀನಿ. ಈ ಊರಾಗ ಯಾರನ್ನರ ಕೇಳ್ರಿ, ಮಾಮಾ ದುಡದದ್ದ ಎಲ್ಲಾರೂ ನೋಡ್ಯಾರ. ಬರಕೋರಿ."

ಸಾಹೇಬರ ತುಟಿಗಳು ಮೊದಲು ಬಿಗಿದವು, ಆಮೇಲೆ ಸಡಿಲಾದವು, ಆಮೇಲೆ ಅವರು ನಕ್ಕೇಬಿಟ್ಟರು. ಅಕ್ಕಪಕ್ಕದವರನ್ನು ಕರೆದು ವಿಚಾರಿಸಿ ಪೆನ್ನಿನ ಟೊಪ್ಪಿಗೆ ತೆಗೆದರು. ಆದರೆ ಮಾಮಾನ ಮುಖ ಮಾತ್ರ ಸಣ್ಣದಾಗಿತ್ತು. "ಹಂಗಾದ್ರ ತಾಯಿ, ಇನ್ನ ಮ್ಯಾಲೆ ನಾ ಮನೀ ಮನಷ್ಯಾ ಅಲ್ಲೇನು?" ಎಂದು ಕೇಳಿದ. ಸುಮತಿ ತಾಟು ಕೆಳಗಿಟ್ಟು ಅವನ ಹೊರಸಿನ ತುದಿಯಲ್ಲಿ ಕುಳಿತು, "ಸಾಹೇಬ್ರ ಹೋಗೂತನಕ ಅಷ್ಟ ಕೆಲಸದವ್ರಾಗ್ರಿ ಮಾಮಾ. ಅವ್ರ ಬಸ್ ಹತ್ತಿದ ಮ್ಯಾಲೆ ಮನಿ ನಿಮ್ಮದ, ಪಡಸಾಲಿ ನಿಮ್ಮದ, ನಮ್ಮನ್ನ ಬೈಯೂದೂ ನಿಮ್ಮದ" ಅಂದಳು. ಮಾಮಾ ಟವೆಲಿನಿಂದ ಮುಖ ಮುಚ್ಚಿಕೊಂಡ. ನಾನೂ ಮೂಗು ಒರೆಸಿಕೊಂಡೆ. ಈ ಸಲ ತಂಬಾಕಿನ ಕಾರಣದಿಂದಲ್ಲ.

ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತಿತ್ತು. "ಇರ್ತಾರ್ರಿ" ಅನ್ನುವ ಮಾತು ನನ್ನನ್ನು ಒಳಗೊಳಗೇ ಕೊರೆಯತೊಡಗಿತು. ಮಾಮಾ ಏಳುವತನಕ ಅವನ ಕೆಲಸ ನಾನೇ ಮಾಡುತ್ತೇನೆಂದು ಘೋಷಿಸಿ, ಧೋತರ ಮೇಲೆ ಕಟ್ಟಿ ಫ್ಯಾಕ್ಟರಿಗೆ ಇಳಿದೆ. ಬರ್ಫದ ಗಡ್ಡೆ ಎತ್ತಿ ಎರಡು ಹೆಜ್ಜೆ ಹಾಕಿರಬೇಕು. ಪಡಸಾಲೆಯ ಕಿಟಕಿಯಿಂದ ನೋಡುತ್ತಿದ್ದ ಮಾಮಾ, "ಸಾವಕಾಶ್ರೀ ಮಾಲಕರ, ನೆಲಾ ಜಾರತೈತಿ!" ಎಂದು ಕೂಗಿದ. ನನಗೆ ಗೊತ್ತಿಲ್ಲವೇ ಎಂದು ಹೇಳಲು ನಾನು ತಿರುಗಿದೆ. ಅಷ್ಟೇ. ಬರ್ಫ ಒಂದು ಕಡೆ, ನಾನೊಂದು ಕಡೆ. ಎಲುಬು ಮುರಿಯಲಿಲ್ಲ, ಸೊಂಟ ಮಾತ್ರ ಹಿಡಿದುಕೊಂಡಿತು. ಮಾಮಾನ ಹೊರಸಿನ ಪಕ್ಕ ನನ್ನದೊಂದು ಹೊರಸು ಬಿತ್ತು.

ಮಾಮಾನ ಪರಿಹಾರದ ಚೆಕ್ಕು ಹಿಡಿದು ಕುಲಕರ್ಣಿಯವರು ಬಂದಾಗ ನಾನು ಕೈಯೂರಿ ಏಳಲು ನೋಡಿ, ಆಗದೆ, ಮಲಗಿದಲ್ಲಿಂದಲೇ ಕೇಳಿದೆ. "ಕುಲಕರ್ಣಿಯವರ, ನನ್ನ ಸೊಂಟಕ್ಕೇನರ ಬರತೈತೇನ್ರಿ?"

"ಮಾಲಕರಿಗೆ ಬರೂದಿಲ್ರಿ. ಪಾಲಿಸಿ ಕೆಲಸದವರಿಗೆ."

"ಮಾಲಕಳು ಆಕಿ ಅಲ್ರಿ! ಕಾಗದಾ ನೋಡ್ರಿ. ಅಂದಮ್ಯಾಲೆ ನಾ ಕೆಲಸದಾಂವನ ಆದ್ನೆಲ್ಲಾ?"

ಕುಲಕರ್ಣಿಯವರಿಗೂ ಇದು ಸರಿಯೆನಿಸಿತು. ಕನ್ನಡಕ ಏರಿಸಿ, "ಹಂಗಾದ್ರ ನಿಮ್ಮ ಪಗಾರ ಎಷ್ಟ್ರಿ?" ಅಂದರು. ನಾನು ಆಸೆಯಿಂದ ಸುಮತಿಯನ್ನು ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆಗ ಪಕ್ಕದ ಹೊರಸಿನಿಂದ ಮಾಮಾ, ನನ್ನ ಮಾನ ಕಾಯುವ ಅದೇ ಹಳೆಯ ದನಿಯಲ್ಲಿ, ಎದೆ ಸೆಟೆಸಿ ಹೇಳಿದ. "ಏ, ಏನ ಕೇಳ್ತೀರಿ ಕುಲಕರ್ಣಿಯವರ! ಕೆಲಸದವ್ರಂತ ತಿಳದೀರೇನು ಅವ್ರನ್ನ? ಅವ್ರು ಮನೀ ಮಂದಿ ಅದಾರ."

ಕುಲಕರ್ಣಿಯವರು ಎರಡು ಕಪ್ ಪಿಸ್ತಾ ತಿಂದು ಹೋದರು. ಸುಮತಿ ಹಿತ್ತಲಿನಿಂದ ಒಂದು ಚೀಲ ಬರ್ಫ ತಂದು ನನ್ನ ಸೊಂಟಕ್ಕೆ ಕಟ್ಟಿದಳು. ಸುದ್ದಿ ತಿಳಿದು ಐನಾಪುರದ ಬೀಗರು ಸಂಜೆ ನೋಡಲು ಬಂದರು. ಮಾಮಾನನ್ನು ಮಾತಾಡಿಸಿ, ನನ್ನ ಹೊರಸಿನ ಹತ್ತಿರ ಬಂದು ಬರ್ಫದ ಚೀಲವನ್ನು ನೋಡಿ, "ನಿಮ್ಮದೇನ್ರಿ ಬಾಪೂಸಾಹೇಬ್ರ, ತಂಪಾಗಿ ಅದೀರಿ" ಅಂದರು. ಹೌದ್ರಿ, ಅಂದೆ.